ಪುಟಪುಟಕ್ಕೂ ಕುಂಕುಮ

ಪುಸ್ತಕ ತೆರೆದ ಕೂಡಲೇ ಮನಸ್ಸು ಬೇರೆಲ್ಲಿಗೋ ಹೊರಟುಬಿಡುವವರು ಕಾನೂನು ಓದಬಾರದು. ಇದು ನನಗೆ ತಿಳಿದದ್ದು ಕಾನೂನು ಓದಿ ಮುಗಿಸಿದ ಮೇಲೆ. ಮಗಳು ಹೈಸ್ಕೂಲು ಸೇರಿದ ಮೇಲೆ ಮಂಡ್ಯದಲ್ಲಿ ಎಲ್‌ಎಲ್‌ಬಿಗೆ ಸೇರಿದವಳು ನಾನು. ಪಾಸಾಗಿ, ಕರಿ ಕೋಟು ಹೊಲಿಸಿಯೂ ಆಗಿತ್ತು. ಆದರೆ ವಕೀಲೆಯೆಂದು ಹೆಸರು ನೋಂದಾಯಿಸಿದ ಎರಡು ವರ್ಷದೊಳಗೆ ಇನ್ನೊಂದು ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಕೋಟು ಕಳಚಿಡಬೇಕು. ಒಂದು ಸಲ ಡುಮ್ಕಿ ಹೊಡೆದಿದ್ದೆ. ಉಳಿದಿದ್ದದ್ದು ಇದೊಂದೇ ಅವಕಾಶ.

ಗುತ್ತಲಿನ ನಮ್ಮ ಮನೆಯ ಕಿಟಕಿ ಪಕ್ಕ ಓದಲು ಕೂರುತ್ತಿದ್ದೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ನಿಧಾನವಾಗಿ ಹೋಗುತ್ತಿತ್ತು. ಅದು ತಿರುವು ದಾಟುವಷ್ಟರಲ್ಲಿ ನಾನು ಮಳವಳ್ಳಿ ಕೋರ್ಟಿನಲ್ಲಿ ನಿಂತಿರುತ್ತಿದ್ದೆ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ನನ್ನ ವಾದ ಕೇಳುತ್ತಿದ್ದರು, ಎದುರು ಪಕ್ಷದ ವಕೀಲರು ಬೆವರು ಒರೆಸಿಕೊಳ್ಳುತ್ತಿದ್ದರು. ಗೆದ್ದ ಖುಷಿಗೆ ಬಸರಾಳಿನ ಮುದುಕಿಯೊಬ್ಬಳು ಒಂದು ಚೀಲ ಅವರೆಕಾಯಿ ತಂದುಕೊಡುತ್ತಿದ್ದಳು. ಕಣ್ಣು ಬಿಟ್ಟರೆ ಅದೇ ಪುಟ, ಅದೇ ಕಲಂ. ಹೀಗೆ ತಿಂಗಳುಗಟ್ಟಲೆ ಒಂದೂ ಕೇಸು ಸೋಲಲಿಲ್ಲ. ನಮ್ಮ ಅತ್ತೆ ಬೆಸಗರಹಳ್ಳಿಯವರು, ಮಾತಿಗೆ ಸುತ್ತುಬಳಸು ಇಲ್ಲ. ಒಂದು ದಿನ ಕಾಫಿ ತಂದವರು ಕೇಳಿದರು, "ಬುಕ್ ನೋಡ್ಕಂಡು ನಗ್ತಾ ಕುಂತಿದ್ದೀಯಲ್ಲ, ಅಂತಾದ್ದೇನವ್ವ ಬರ್ದವ್ರೆ ಕಾನೂನ್ನಾಗೆ?"

ಈ ಪರೀಕ್ಷೆಗೆ ವಿವರಣೆಯಿಲ್ಲದ, ಬರೀ ಕಾನೂನಷ್ಟೇ ಇರುವ ಪುಸ್ತಕ ಒಯ್ಯಬಹುದು. ಅದರೊಳಗೆ ಕೈಬರಹವಾಗಲಿ, ಗುರುತಾಗಲಿ ಇರಕೂಡದು. ನೆನಪಾಗದಿದ್ದರೆ ನೋಡಿಕೊಂಡರಾಯಿತು ಎಂಬ ಧೈರ್ಯದಲ್ಲಿ ನಾನು ಇನ್ನಷ್ಟು ಕನಸು ಕಂಡೆ. ಪರೀಕ್ಷೆಯ ಹಿಂದಿನ ಸಂಜೆ ಅತ್ತೆ, "ಬುಕ್ಕ ಒಸಿ ದೇವ್ರ ಮುಂದಿಡ್ತೀನಿ, ಕೊಡವ್ವ" ಎಂದರು. ಕೊಟ್ಟೆ. ಬೆಳಿಗ್ಗೆ ಅವರೇ ಅದನ್ನು ಬ್ಯಾಗಿಗೆ ಹಾಕಿ ಕೈಗಿತ್ತರು. ಬೆಂಗಳೂರಿನ ರೈಲು ಮದ್ದೂರು ದಾಟುವಾಗ ತೆರೆದು ನೋಡಬಹುದಿತ್ತು. ಆಗ ನಾನು ಹೈಕೋರ್ಟಿನಲ್ಲಿದ್ದೆ.

ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ತಪಾಸಣೆಯವರು ಪುಸ್ತಕ ಬಿಡಿಸಿದರು. ಮೊದಲ ಪುಟದಲ್ಲಿ ಅರಿಶಿನ, ಕುಂಕುಮ. ಎರಡನೆಯದರಲ್ಲಿ ಕುಂಕುಮದ ಬೊಟ್ಟು. ಮೂರನೆಯದರಲ್ಲೂ. ಅವರು ಹಾಳೆ ಮಗುಚುತ್ತಲೇ ಹೋದರು, ಬೊಟ್ಟುಗಳು ಬರುತ್ತಲೇ ಹೋದವು. "ಇದೇನಮ್ಮ ಗುರುತು?" ಎಂದು ಕೇಳಿದರು. ಅಷ್ಟು ಕೇಸು ಗೆದ್ದಿದ್ದ ನನ್ನ ಬಾಯಿಂದ ಹೊರಬಿದ್ದದ್ದು, "ಸರ್, ನಮ್ಮತ್ತೆ" ಎಂಬ ಎರಡೇ ಪದ. ಅವರು ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು ನನ್ನನ್ನು ಒಳಗೆ ಬಿಟ್ಟರು.

ಪಾಸಾದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕಣ್ಣೆದುರು ಪುಸ್ತಕವಿಲ್ಲದಿದ್ದರೆ ನನಗೆ ಕನಸೂ ಬೀಳುವುದಿಲ್ಲವೆಂದು ಅವತ್ತು ಗೊತ್ತಾಯಿತು. ಹೆದರಿಕೆಗೆ, ಅಷ್ಟಿಷ್ಟು ಓದಿದ್ದೆಲ್ಲ ನೆನಪಾಯಿತು. ವಾಪಸು ಬರುವಾಗ, ರೈಲು ಮದ್ದೂರಿನಲ್ಲಿ ನಿಂತಾಗ, ಬಾಗಿಲಲ್ಲಿ ಹೇಳಬೇಕಾಗಿದ್ದ ವಾದವೂ ಹೊಳೆಯಿತು: ಎಲ್ಲ ಪುಟಕ್ಕೂ ಬೊಟ್ಟಿದ್ದ ಮೇಲೆ ಯಾವ ಪುಟಕ್ಕೂ ಗುರುತಿಲ್ಲವೆಂದೇ ಅರ್ಥ. ಪಕ್ಕದಲ್ಲಿದ್ದ ಹೆಂಗಸಿಗೆ ವಿವರಿಸಿದೆ. ಅವರು ಪೂರ್ತಿ ಒಪ್ಪಿದರು.

ಮನೆಯಲ್ಲಿ ಅತ್ತೆಗೆ ನಡೆದದ್ದನ್ನು ಹೇಳಿ, ಎಲ್ಲ ಪುಟಕ್ಕೂ ಯಾಕೆ ಇಟ್ಟಿರಿ ಎಂದು ಸಿಡುಕಿದೆ.

"ಯಾವ್ ಪುಟದಲ್ಲಿ ಕೇಳ್ತಾರೋ ಯಾರ್ ಕಂಡವ್ರೆ? ಅದ್ಕೇ ಒಂದೂ ಬುಡ್ದಂಗೆ ಇಟ್ಟೆ" ಎಂದರು. ಆಮೇಲೆ, "ಅವ್ರು ಕಿತ್ಕಂಡಾಗ ನೀನೇನಂದೆ?"

"ನಮ್ಮತ್ತೆ ಅಂದೆ, ಅಷ್ಟೇ."

ಅತ್ತೆ ನನ್ನನ್ನೇ ನೋಡಿದರು. "ಒಂದ್ ಚಿಟ್ಕೆ ಕುಂಕುಮದ್ ಪರ ಮಾತಾಡಕ್ಕಾಗ್ನಿಲ್ಲ ನಿಂಗೆ. ನಾಳೆ ನಿನ್ನ ನಂಬ್ಕಂಡು ಬಂದೋರ್ ಪರ ಏನ್ ಮಾತಾಡೀಯವ್ವ?"

ನಾಚಿಕೆಯಾಯಿತು. ಪರೀಕ್ಷೆಯಲ್ಲಾದರೆ ಪ್ರತಿ ಪ್ರಶ್ನೆಯ ಕೆಳಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಅತ್ತೆ ಒಂದನ್ನೂ ಕೊಡಲಿಲ್ಲ. ಈಗ ನಾನು ಪೂರ್ಣಪ್ರಮಾಣದ ವಕೀಲೆ, ದಿನವೂ ಕರಿ ಕೋಟು ತೊಟ್ಟು ಕೋರ್ಟಿಗೆ ಹೊರಡುತ್ತೇನೆ. ಅತ್ತೆ ಜಗಲಿಯಲ್ಲಿ ಕೂತಿರುತ್ತಾರೆ, ಮತ್ತೆ ಅದನ್ನೇ ಕೇಳಿಯಾರು, ಹಾಗಾಗಿ ಹಿತ್ತಿಲ ಬಾಗಿಲಿನಿಂದ.