ರಸಮಟ್ಟ

ಮೇಸ್ತ್ರಿಗೆ ಅಂದು ಒದಗಿದ ಫಜೀತಿಗೆಲ್ಲ ಕಾರಣ ಒಂದು ಒಳ್ಳೆಯ ಸುದ್ದಿ. ಬೆಳಿಗ್ಗೆ ತವರಿನಿಂದ ಹೆಂಡತಿ ಫೋನ್ ಮಾಡಿ, "ಸಂಜೆ ನೀವು ಕೆಲಸ ಮಾಡೋ ಮನೆಗೇ ಬರ್ತೀನಿ. ನಿಜವಾಗ್ಲೂ ಕುಡಿಯೋದು ಬಿಟ್ಟಿದ್ದೀರಿ ಅಂತ ನನ್ನ ಕಣ್ಣಿಗೆ ಕಂಡ್ರೆ, ನಾಳೆನೇ ಮಗಳನ್ನ ಕರ್ಕೊಂಡು ವಾಪಸ್ ಬಂದ್ಬಿಡ್ತೀನಿ" ಎಂದಿದ್ದಳು.

ಅವನು ನಿಜವಾಗಿಯೂ ಬಿಟ್ಟಿದ್ದ. ಕಷ್ಟವೆಂದರೆ, ಬಿಟ್ಟಾಗಿನಿಂದ ಮನಸ್ಸು ಅವನ ಮಾತು ಕೇಳುತ್ತಿರಲಿಲ್ಲ. ಕುಡಿಯುವ ಕಾಲದಲ್ಲಿ ಅವನಷ್ಟು ಶಾಂತ ಮನುಷ್ಯ ಇನ್ನೊಬ್ಬನಿರಲಿಲ್ಲ. ಸೂರು ಹಾರಿಹೋದರೂ "ಆಗಲಿ ಬಿಡು" ಎಂದು ಮುಗುಳ್ನಗುತ್ತಿದ್ದ. ಓಣಿಯವರು ಅವನನ್ನು ತಣ್ಣೀರು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬಾಯಲ್ಲಿ ಸದಾ ಲವಂಗ ಇರುತ್ತಿದ್ದುದರಿಂದ ಆ ತಣ್ಣೀರು ಎಂಥದ್ದೆಂದು ಹೆಂಡತಿಗೆ ಗೊತ್ತಾಗಲು ವರ್ಷಗಳೇ ಹಿಡಿದವು. ಈಗಲೋ, ಪಕ್ಕದ ಮನೆಯ ಮಗು ಟಾಟಾ ಮಾಡಿದರೆ ಅವನು ಕಣ್ಣೊರೆಸಿಕೊಳ್ಳುತ್ತಿದ್ದ, ಹಾಲು ಉಕ್ಕಿ ಒಲೆ ಆರಿದರೆ ನಗು ತಡೆಯಲಾಗುತ್ತಿರಲಿಲ್ಲ. ಬಿಟ್ಟವರೆಲ್ಲ ಕೂಡುವ ವಾರದ ಸಭೆಯಲ್ಲಿ ಹಿರಿಯರೊಬ್ಬರು ಎಚ್ಚರಿಸಿದ್ದರು: "ಹಿಗ್ಗೂ ಕುಡಿಸುತ್ತೆ, ಕುಗ್ಗೂ ಕುಡಿಸುತ್ತೆ. ನಿನ್ನ ಹತ್ರ ಮಟ್ಟ ನೋಡೋ ರಸಮಟ್ಟ ಇದೆಯಲ್ಲಪ್ಪ, ಅದರೊಳಗಿನ ಗುಳ್ಳೆ ಥರ ನಡುವೆ ನಿಂತ್ಕೋ."

ಆ ಬೆಳಿಗ್ಗೆ ಗುಳ್ಳೆ ನಡುವೆ ನಿಲ್ಲುವ ಸೂಚನೆಯೇ ಇರಲಿಲ್ಲ. ಬಚ್ಚಲುಮನೆಗೆ ಟೈಲ್ಸ್ ಕೂರಿಸುತ್ತಾ ಮೇಸ್ತ್ರಿ ಗಂಟಲು ಬಿಟ್ಟು ಹಾಡುತ್ತಿದ್ದ. ಪಕ್ಕದ ಕೋಣೆಯಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದ ಪೇಂಟರ್ ಬ್ರಷ್ ಹಿಡಿದೇ ಓಡಿಬಂದ. ಸುದ್ದಿ ಕೇಳಿ ಅವನ ಮುಖ ಗಂಭೀರವಾಯಿತು.

"ಇಷ್ಟು ಹಿಗ್ಗಿದ್ರೆ ಮತ್ತೆ ಕುಡಿದು ಕೆಟ್ಟೋಗ್ತೀರಿ ಮೇಸ್ತ್ರಿ. ಬೇಗ ಏನಾದ್ರೂ ದುಃಖದ್ದು ನೆನೆಸ್ಕೊಳ್ಳಿ."

ಮೇಸ್ತ್ರಿ ನೆನೆಸಿಕೊಂಡ. ಮಗಳನ್ನು ಶಾಲೆಯಿಂದ ಕರೆತರಲು ಮರೆತ ಸಂಜೆ, ಬೀಗ ಹಾಕಿದ ಶಾಲೆಯ ಬಾಗಿಲ ಮುಂದೆ ಬ್ಯಾಗ್ ತಬ್ಬಿಕೊಂಡು ಅವಳು ಕೂತಿದ್ದಳು. "ಅಪ್ಪ, ನಾನು ಹೆದರ್ಕೊಳ್ಳಲಿಲ್ಲ" ಎಂದಿದ್ದಳು. ಅವನು ಮಗುಚಿಟ್ಟ ಬಕೆಟ್ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತ. ಮನೆಯ ಯಜಮಾನಿ ಧಾವಿಸಿ ಬಂದರು.

"ಪೈಪ್ ಒಡೀತೇನೋ ಅಂದ್ಕೊಂಡೆ. ರೀ ಪೇಂಟರ್, ಇದೇನು ಮಾಡಿದ್ರಿ?"

"ಸ್ವಲ್ಪ ಇಳಿಸೋಣ ಅಂತ ಹೋದೆ ಅಮ್ಮ. ಜಾಸ್ತಿನೇ ಇಳಿದುಬಿಡ್ತು."

"ಹಾಗಾದ್ರೆ ನಗಿಸಿ, ಮತ್ತೆ."

ಪೇಂಟರ್ ತಾನೊಮ್ಮೆ ಹಳದಿ ಬಣ್ಣವನ್ನು ತಪ್ಪಿ ಎದುರು ಮನೆಗೆ ಬಳಿದ ಕತೆ ಹೇಳಿದ. ಮೇಸ್ತ್ರಿ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ನಗುತ್ತ ಎದ್ದ, ನಗುತ್ತ ಜಾರಿದ, ಬಣ್ಣದ ಡಬ್ಬಿಯಲ್ಲಿ ಕಾಲಿಟ್ಟ. ಗೋಡೆಗೆ ಒರಗಿಸಿದ್ದ ಟೈಲ್ ಬಿದ್ದು ಎರಡು ಹೋಳಾಯಿತು. "ಪಾಪ, ಅದೇನು ಮಾಡಿತ್ತು" ಎಂದು ಟೈಲ್‌ಗಾಗಿಯೂ ಅತ್ತ. ಹೀಗೆ ಇಬ್ಬರೂ ಸೇರಿ ಅವನನ್ನು ಮಧ್ಯಾಹ್ನವಿಡೀ ಏರಿಸಿ ಇಳಿಸಿ ಹಣ್ಣುಮಾಡಿದರು. ಕೊನೆಗೆ ಬಿಕ್ಕಳಿಕೆ ಹತ್ತಿತು. ಯಜಮಾನಿ ಅವನ ಬಾಯಿಗೆ ಒಂದು ಲವಂಗ ಹಾಕಿದರು, ಬಿಕ್ಕಳಿಕೆ ನಿಂತಿತು.

ಸಂಜೆಯ ಹೊತ್ತಿಗೆ ಅವನಲ್ಲಿ ಅಳುವೂ ಉಳಿದಿರಲಿಲ್ಲ, ನಗುವೂ ಉಳಿದಿರಲಿಲ್ಲ. ಹಿಂಡಿ ಹಾಕಿದ ಬಟ್ಟೆಯಂತೆ ಬಕೆಟ್ ಮೇಲೆ ಕೂತಿದ್ದ. ಪೇಂಟರ್ ರಸಮಟ್ಟ ತಂದು ಅವನ ತಲೆಯ ಮೇಲಿಟ್ಟು ನೋಡಿದ. ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು.

ಆಗ ಹೆಂಡತಿ ಬಂದಳು.

"ಹೇಗಿದ್ದೀರಿ?"

"ಚೆನ್ನಾಗಿದ್ದೀನಿ."

ಅವಳ ದನಿ ಮೆತ್ತಗಾಯಿತು. "ನಾಳೆ ಮಗಳನ್ನ ಕರ್ಕೊಂಡು ಬರ್ಲಾ?"

ಈ ಒಂದು ಮಾತಿಗಾಗಿ ಅವನು ಬೆಳಿಗ್ಗೆಯಿಂದ ಜೀವ ಹಿಡಿದುಕೊಂಡಿದ್ದ. ಆದರೆ ಒಳಗೆ ತಡಕಾಡಿದರೆ ಏನೂ ಸಿಗಲಿಲ್ಲ.

"ಆಗಲಿ ಬಿಡು" ಎಂದು ಮುಗುಳ್ನಕ್ಕ.

ಅವಳು ಅವನ ಮುಖವನ್ನೇ ನೋಡಿದಳು. ಯಜಮಾನಿ ಸಹಾಯಕ್ಕೆ ಬಂದರು. "ಬೆಳಿಗ್ಗೆ ವಿಪರೀತ ಆಗ್ಬಿಟ್ಟಿತ್ತಮ್ಮ. ಹಾಡು, ಅಳು, ಡಬ್ಬಿಯೊಳಗೆ ಕಾಲು. ಈಗ ಪೂರ್ತಿ ಇಳಿದಿದೆ."

"ನಾವೇ ಇಳಿಸಿದ್ದು" ಎಂದ ಪೇಂಟರ್ ಹೆಮ್ಮೆಯಿಂದ.

ಹೆಂಡತಿ ಬಗ್ಗಿ ಗಂಡನ ಬಾಯಿಯ ಹತ್ತಿರ ಮೂಸಿದಳು.

"ಲವಂಗ" ಎಂದಳು. ಕೋಪವೇನೂ ಇರಲಿಲ್ಲ, ದಣಿದ ದನಿ ಅಷ್ಟೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಬಂದ ದಾರಿಯಲ್ಲೇ ಬಸ್ ನಿಲ್ದಾಣದ ಕಡೆ ನಡೆದಳು.

ಏನಾಯಿತೆಂದು ಮೇಸ್ತ್ರಿಯ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದದ್ದೇ, ಬತ್ತಿಹೋಗಿದ್ದ ಅಳು ಒಮ್ಮೆಲೇ ಉಕ್ಕಿ ಬಂತು. ಅವಳ ಹೆಸರು ಕೂಗುತ್ತಾ ಗೇಟಿನತ್ತ ಓಡಿದ. ಪೇಂಟರ್ ಹಿಂದಿನಿಂದ ಬಂದು ಎರಡೂ ಕೈಯಲ್ಲಿ ಅವನನ್ನು ತಬ್ಬಿ ಹಿಡಿದ.

"ಬೇಡ ಮೇಸ್ತ್ರಿ, ನನ್ನ ಮಾತು ಕೇಳಿ. ಈ ಅವತಾರದಲ್ಲಿ ನಿಮ್ಮನ್ನ ನೋಡಿದ್ರೆ ಕುಡಿದಿದ್ದೀರಿ ಅಂದ್ಕೊಳ್ತಾರೆ."

ಬಸ್ಸು ತಿರುವು ದಾಟುವವರೆಗೂ ಅವನು ಹಿಡಿತ ಬಿಡಲಿಲ್ಲ. ಮೇಸ್ತ್ರಿಗೆ ಮತ್ತೆ ಬಿಕ್ಕಳಿಕೆ ಹತ್ತಿತು. ಯಜಮಾನಿ ಇನ್ನೊಂದು ಲವಂಗ ತರಲು ಒಳಗೆ ಹೋದರು.