ನೀಲಿ ನಲ್ಲಿಯ ಬಿಸಿನೀರು

ನಾನು ಸೇಫ್ಟಿ ಆಫೀಸರ್. ಜುಮೇರಾ ಲೇಕ್ ಟವರ್ಸ್‌ನ ಒಂದು ಕಚೇರಿಯಲ್ಲಿ ಯಾರೂ ಜಾರಿ ಬೀಳದಂತೆ, ಶಾಕ್ ಹೊಡೆಸಿಕೊಳ್ಳದಂತೆ, ಬೆಂಕಿ ಬಿದ್ದಾಗ ಲಿಫ್ಟು ಹತ್ತದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆ ನನ್ನ ಆಯುಧ ಒಂದೇ, ಲ್ಯಾಮಿನೇಟ್ ಮಾಡಿದ ಬೋರ್ಡು. ಇಂಥವನು ಮನೆಯನ್ನು ಚಳಿಗಾಲಕ್ಕೆ ಸಿದ್ಧಪಡಿಸಲು ಹೊರಟರೆ ಅನಾಹುತವಾದೀತು ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ? ನನ್ನ ಹೆಂಡತಿ ಸುಜಾತ ಅಂದುಕೊಂಡಿದ್ದಳು.

ದುಬೈಯ ಬೇಸಿಗೆಯಲ್ಲಿ ಚಾವಣಿಯ ಟ್ಯಾಂಕಿನ ನೀರು ಬಿಸಿಲಿಗೆ ಕಾದು, ತಣ್ಣೀರಿನ ನಲ್ಲಿಯಲ್ಲೇ ಹೊಗೆಯಾಡುತ್ತ ಬರುತ್ತದೆ. ಅದಕ್ಕೆ ನಾವೆಲ್ಲ ಹೀಟರ್ ಆಫ್ ಮಾಡಿಬಿಡುತ್ತೇವೆ. ಎಸಿಯ ತಂಪಿನಲ್ಲಿ ಹೀಟರಿನೊಳಗೆ ಕೂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡುತ್ತೇವೆ. ಅಂದರೆ ಆರು ತಿಂಗಳು ನೀಲಿ ನಲ್ಲಿ ಬಿಸಿ, ಕೆಂಪು ನಲ್ಲಿ ತಂಪು. ಇದು ತಿಳಿಯದೆ, ಸೆಪ್ಟೆಂಬರಿನಲ್ಲಿ ಕುಂದಾಪುರದಿಂದ ಬಂದ ಮಾವನವರು ಮೊದಲ ದಿನವೇ ಬೆರಳು ಸುಟ್ಟುಕೊಂಡರು. ಮರುದಿನವೇ ಬಾತ್‌ರೂಮಿನ ಗೋಡೆಯಲ್ಲಿ ನನ್ನ ಬೋರ್ಡು ರಾರಾಜಿಸಿತು: ‘ನೀಲಿ: ಬಿಸಿ. ಕೆಂಪು: ತಣ್ಣೀರು.’ ಮಾವ ನಿವೃತ್ತ ಹೆಡ್‌ಮಾಸ್ಟರ್. ಬರೆದದ್ದನ್ನು ಮೀರುವವರಲ್ಲ.

ಆದರೆ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಫ್ಲಾಟಿನಲ್ಲಿ ಅವರಿಗೆ ಬೇಜಾರು ಹತ್ತಿತ್ತು. ದೀಪಾವಳಿ ಮುಗಿದ ಕೂಡಲೇ ಹೊರಡುತ್ತೇನೆ ಎಂದು ಹಟ ಹಿಡಿದಿದ್ದರು. ಚಳಿಗಾಲ ಮುಗಿಯುವವರೆಗಾದರೂ ಅಪ್ಪ ಇರಲಿ ಎಂದು ಸುಜಾತಳ ಆಸೆ. ನಾನು ಎದೆ ತಟ್ಟಿ ಹೇಳಿದೆ, "ಹಬ್ಬದ ಎಣ್ಣೆಸ್ನಾನ ಒಂದು ಆಗಲಿ. ಊರಿನ ಹಂಡೆಯ ನೀರನ್ನೇ ಮರೆಯುವ ಹಾಗೆ ಮಾಡುತ್ತೇನೆ. ಅವರಾಗಿಯೇ ಇರುತ್ತೇನೆ ಅಂತಾರೆ."

"ಹೀಟರ್ ಏಪ್ರಿಲಿನಿಂದ ಆಫ್ ಇದೆ. ಸುಮ್ಮನೆ ವಾಚ್‌ಮನ್‌ಗೆ ಹೇಳಿ ಹಾಕಿಸಿ ಮಾರಾಯ್ರೆ," ಎಂದಳು.

ಸೇಫ್ಟಿ ಆಫೀಸರನಿಗೆ ವಾಚ್‌ಮನ್! ಹಬ್ಬದ ಹಿಂದಿನ ಮಧ್ಯಾಹ್ನವೇ ಹೀಟರಿನ ಸ್ವಿಚ್ ಒತ್ತಿದೆ. ಕಂಬಳಿಗಳನ್ನು ಬಿಸಿಲಿಗೆ ಹಾಕಿದೆ, ಎಸಿ ನಿಲ್ಲಿಸಿದೆ. ಆ ವಾರ ಉತ್ತರದ ಗಾಳಿ ಬೀಸಿ ಹೊರಗೆ ಇಪ್ಪತ್ತು ಡಿಗ್ರಿಗೆ ಇಳಿದಿತ್ತು. ನಲವತ್ತೈದಕ್ಕೆ ಒಗ್ಗಿದ ಮೈಗೆ ಅದೇ ಹಿಮಾಲಯ.

ಹಬ್ಬದ ಬೆಳಿಗ್ಗೆ ಸುಜಾತ ಅಪ್ಪನಿಗೆ ಎಣ್ಣೆ ಹಚ್ಚಿದಳು. ಅವರು ಸೀಗೆಪುಡಿಯ ಬಟ್ಟಲು ಹಿಡಿದು ಒಳಗೆ ಹೋದರು. ನಾನು ಬಾಗಿಲ ಹೊರಗೆ ಪ್ರಶಂಸೆಗೆ ಕಾದು ನಿಂತೆ. ಕೇಳಿಸಿದ್ದು ಒಂದು ಬೊಬ್ಬೆ.

"ಅಳಿಯಂದಿರೇ, ನೀರು ಕೊರೆಯುತ್ತಿದೆ!"

"ಪೈಪಿನಲ್ಲಿ ನಿಂತ ನೀರು ಮಾವ. ಇನ್ನೆರಡು ಬಾಲ್ದಿ ಹೋಗಲಿ, ಬಿಸಿ ಬರ್ತದೆ."

ಹೋಗಲಿ ಎಂದರೆ ಚೆಲ್ಲಿ ಎಂದರ್ಥ. ಹಬ್ಬದ ದಿನ ತುಂಬಿದ ನೀರನ್ನು ಚೆಲ್ಲುವುದುಂಟೇ? ಮಾವ ಎರಡೂ ಬಾಲ್ದಿಯನ್ನು ಶಾಸ್ತ್ರೋಕ್ತವಾಗಿ ತಲೆಗೆ ಹೊಯ್ದುಕೊಂಡರು. ಒಳಗಿನಿಂದ ಹಲ್ಲು ಕಟಕಟಿಸುವ ಸದ್ದು ಬಂತು.

"ಅಪ್ಪ, ಯಾವ ನಲ್ಲಿ ಬಿಟ್ಟದ್ದು?" ಸುಜಾತ ಓಡಿ ಬಂದು ಕೇಳಿದಳು.

"ನೀ... ನೀಲಿ. ಬಿಸಿಗೆ ನೀಲಿ. ಬೋರ್ಡಿನಲ್ಲಿದೆ."

ಆ ವಾರದ ಗಾಳಿಗೆ ಚಾವಣಿಯ ಟ್ಯಾಂಕಿನ ನೀರೂ ತಣಿದುಹೋಗಿತ್ತು. ಹೀಟರ್ ಹಾಕಿದವನು ಬೋರ್ಡು ತೆಗೆದಿರಲಿಲ್ಲ! ಎಪ್ಪತ್ತೆರಡು ವರ್ಷದ ಜೀವಕ್ಕೆ ನನ್ನದೇ ಕೈಬರಹದಲ್ಲಿ ತಣ್ಣೀರು ಹೊಯ್ಯಿಸಿದ್ದೆ. "ಮಾವ, ಕೆಂಪು ಬಿಡಿ, ಕೆಂಪು!" ಎಂದು ಕಿರುಚಿದೆ.

"ಇನ್ನೂ ತಣ್ಣೀರು ಬೇಕೇ ನಿಮಗೆ?" ಎಂದರು. ಆದರೂ ಕಣ್ಣಿನ ತುಂಬ ಸೀಗೆಪುಡಿಯಿದ್ದ ಅವರು ತಡಕಾಡಿ ಕೆಂಪು ತಿರುಗಿಸಿದರು. ಹಿಂದಿನ ಮಧ್ಯಾಹ್ನದಿಂದ ಕಾಯುತ್ತಿದ್ದ ನೀರು ಭುಸ್ಸೆಂದು ಬಂತು. ಎರಡು ಹನಿ ಪಾದಕ್ಕೆ ಬಿದ್ದಿರಬೇಕು. ಎರಡನೆಯ ಬೊಬ್ಬೆ ಮೊದಲನೆಯದನ್ನು ಮೀರಿಸಿತು.

ಮಾವ ಬೆಂದೇ ಹೋದರು ಎಂದುಕೊಂಡೆ. ತುರ್ತು ಸಂದರ್ಭದಲ್ಲಿ ಮೊದಲು ಮೂಲವನ್ನು ಬಂದ್ ಮಾಡಬೇಕು ಎಂಬುದು ನಮ್ಮ ಇಲಾಖೆಯ ಪ್ರಥಮ ಸೂತ್ರ. ಓಡಿ ಹೋಗಿ ಮೇನ್ ವಾಲ್ವ್ ತಿರುಗಿಸಿದೆ. ನೀರು ನಿಂತಿತು. ಮತ್ತೆ ತೆರೆಯಲು ಹೋದರೆ ಅದರ ಹಿಡಿ ಮುರಿದು ನನ್ನ ಕೈಗೇ ಬಂತು.

ಈಗ ನಮ್ಮ ಮನೆಯಲ್ಲಿ ಬಿಸಿನೀರೂ ಇಲ್ಲ, ತಣ್ಣೀರೂ ಇಲ್ಲ. ಅರ್ಧ ಎಣ್ಣೆ, ಅರ್ಧ ಸೀಗೆ ಮೆತ್ತಿಕೊಂಡ ಮಾವ ಮಾತ್ರ ಇದ್ದರು.

ಬಾಗಿಲ ಬೆಲ್ ಆಯಿತು. ಎದುರು ಫ್ಲಾಟಿನ ನರ್ಸ್ ಫಿಲೋಮಿನಾ ಬಾಯಿ. "ಎಂಥದು ಮಾರಾಯ್ರೆ ಇದು ಬೊಬ್ಬೆ? ಹಬ್ಬವಾ, ಹೆರಿಗೆಯಾ?" ಎಂದರು. ವಿಷಯ ಕೇಳಿ, ನನ್ನ ಕೈಯಲ್ಲಿದ್ದ ಹಿಡಿಯನ್ನು ನೋಡಿ, ಮತ್ತೇನೂ ಕೇಳದೆ ಹೋಗಿ ಎರಡು ಪಾತ್ರೆ ಹದವಾದ ಬಿಸಿನೀರು ತಂದುಕೊಟ್ಟರು. ಮಾವನ ಪಾದವನ್ನೂ ನೋಡಿ, ಏನೂ ಆಗಿಲ್ಲ ಎಂದರು. ನರಕಾಸುರನ ವಧೆ ಹಾಗೂ ಹೀಗೂ ಪೂರೈಸಿತು.

ತಿಂಡಿಗೆ ಕೂತಾಗ ಮಾವ ಕಂಬಳಿ ಹೊದ್ದು ಮೂರು ಸಲ ಸೀನಿದರು. ಸುಜಾತ ನನ್ನ ಮುಖ ನೋಡುತ್ತಿರಲಿಲ್ಲ. ಟಿಕೆಟು ಇವತ್ತಿನದೇ ಕೇಳುತ್ತಾರೆ ಎಂದು ನಾನು ತಲೆ ತಗ್ಗಿಸಿದ್ದೆ.

"ಟಿಕೆಟು ಮುಂದಕ್ಕೆ ಹಾಕಿಸಿ," ಎಂದರು ಮಾವ. "ಚಳಿ ಮುಗಿಯುವ ತನಕ ನಾನು ಇಲ್ಲೇ ಇರುತ್ತೇನೆ."

ಸುಜಾತಳ ಕಣ್ಣಲ್ಲಿ ನೀರು ಬಂತು. ನಾನಂತೂ ಉಬ್ಬಿಹೋದೆ. "ನೋಡಿದಿರಾ ಮಾವ, ಇಲ್ಲಿ ಹೊಂದಿಕೊಂಡಿರಿ ನೀವು."

"ಹೊಂದಿಕೆ ಅಲ್ಲ. ಇಂಥ ಮನೆಯಲ್ಲಿ ಮಗಳನ್ನು ಬಿಟ್ಟು ಹೋಗಲು ಧೈರ್ಯ ಸಾಲದು."

"ಛೆ, ನಾನಿದ್ದೇನಲ್ಲ ಮಾವ," ಎಂದೆ.

ಮಾವ ಚಟ್ನಿ ಬಡಿಸಿಕೊಂಡು, "ಅದಕ್ಕೇ," ಎಂದರು.