ಜರ್ಮನಿಯ ಗರುಡ, ಸಿಂದಗಿಯ ಹೌದ

ಜರ್ಮನಿ ಹೆಚ್ಚೋ, ಆಸ್ಟ್ರಿಯಾ ಹೆಚ್ಚೋ? ಭಾನುವಾರ ಸಂಜೆ ಸಿಂದಗಿಯಲ್ಲಿ ಇತ್ಯರ್ಥ! ರಸಾಯನಶಾಸ್ತ್ರದ ಪ್ರಾಧ್ಯಾಪಕ ಪಂಢರಿನಾಥರು ನಿಡಗುಂದಿಯ ಗೆಳೆಯ ಶ್ರೀವಲ್ಲಭನಿಗೆ ಫೋನಿನಲ್ಲಿ ಹೀಗೆ ಘೋಷಿಸಿಬಿಟ್ಟರು. ಭಾವಮೈದುನ ಪರದೇಶದಿಂದ ತಂದ ನಾಲ್ಕು ವೈನ್ ಬಾಟಲಿಗಳು ಕಪಾಟಿನಲ್ಲಿ ಅಡಗಿದ್ದವು. ಎರಡು ಜರ್ಮನಿಯವು, ಎರಡು ಆಸ್ಟ್ರಿಯಾದವು. ಎರಡೂ ಕಡೆಯಿಂದ ೨೦೧೫ರದೊಂದು, ೨೦೧೮ರದೊಂದು. ಆ ವಿಷಯದ ಪುಸ್ತಕಗಳನ್ನೆಲ್ಲ ಅವರು ಆಗಲೇ ಅರೆದು ಕುಡಿದಿದ್ದರು. ಕುಡಿಯದೆ ಉಳಿದದ್ದು ವೈನ್ ಮಾತ್ರ.

"ವೈನು ಹಳೇದಾದಷ್ಟೂ ಛಲೋ. ಕೆಟ್ಟದ ಅನ್ನಾವ ದಡ್ಡ" ಎಂಬುದು ಅವರ ಸಿದ್ಧಾಂತ.

"ನಿನಗ ಮಜ್ಜಿಗಿ ನಿನ್ನಿದೋ ಇವತ್ತಿಂದೋ ತಿಳಿಯೂದಿಲ್ಲ" ಎಂದು ಶ್ರೀವಲ್ಲಭ ನಕ್ಕಿದ್ದ. ಅಲ್ಲಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು.

ಮಡಿವಂತ ತಾಯಿ ತಾಳಿಕೋಟೆಯ ಮಗಳ ಮನೆಗೆ ಹೋಗಿದ್ದರು. ಮೈದಾನ ಖಾಲಿ! ಆದರೆ ಬಾಟಲಿ ತಣ್ಣಗಾಗಬೇಕಲ್ಲ? ನೈವೇದ್ಯದ ಹಾಲಿರುವ ಫ್ರಿಜ್ಜಿನೊಳಗೆ ಅದು ಬಂದರೆ ತಾನು ಮನೆಯಿಂದ ಹೊರಗೆ ಎಂದಳು ಹೆಂಡತಿ ನಲಿನಿ. ಭಾನುವಾರ ಮಧ್ಯಾಹ್ನ ಪ್ರಾಧ್ಯಾಪಕರು ನಾಲ್ಕನ್ನೂ ಹಿತ್ತಲಿನ ನೀರಿನ ಹೌದದಲ್ಲಿ ಮುಳುಗಿಸಿ, ತೀರ್ಪು ನೀಡುವ ನಾಲಿಗೆಗೆ ವಿಶ್ರಾಂತಿ ಬೇಕೆಂದು ಮಲಗಿದರು.

ಅಂಟು ಬಿಟ್ಟಿತು. ಲೇಬಲ್ಲುಗಳು ತೇಲಿದವು. ಅದೇ ಹೊತ್ತಿಗೆ ಮಗಳ ಊರಿನ ಸೆಕೆ ತಾಳದೆ ತಾಯಿ ಮರಳಿ ಬಂದು, ಕಾಲು ತೊಳೆಯಲು ಹೌದಕ್ಕೆ ತಂಬಿಗೆ ಇಳಿಬಿಟ್ಟರು. ತಂಬಿಗೆಯಲ್ಲಿ ಬಂದದ್ದು ಜರ್ಮನಿಯ ಲೇಬಲ್ಲಿನ, ರೆಕ್ಕೆ ಬಿಚ್ಚಿದ ಹದ್ದು. ಉಗುರಿನಲ್ಲಿ ದ್ರಾಕ್ಷಿ ಗೊಂಚಲು.

"ಪಂಢರೀ, ಏಳೋ. ಗರುಡ ಬಂದಾನ. ಅಮೃತ ಹಿಡಕೊಂಡು ಬಂದಾನ."

ಓಡಿಬಂದ ಪಂಢರಿನಾಥರು ಬಗ್ಗಿ ನೋಡಿದರು. ಹುಟ್ಟಿದ ದೇಶಕ್ಕೂ ಗುರುತು ಸಿಗದಂತೆ ನಾಲ್ಕು ಬಾಟಲಿ ಬರಿಮೈಯಲ್ಲಿ ಮಲಗಿದ್ದವು.

"ಇವೇನೋ?"

"ದ್ರಾಕ್ಷಿ ರಸ, ಅವ್ವ." ಸುಳ್ಳಲ್ಲ, ರಸದ ವಯಸ್ಸು ಹೇಳಲಿಲ್ಲ, ಅಷ್ಟೆ.

"ಹಂಗಾದ್ರ ಗರುಡನ ಪ್ರಸಾದ. ನಾಳಿ ನೈವೇದ್ಯ ಮಾಡಿ ಓಣಿಗೆಲ್ಲ ತೀರ್ಥ ಕೊಡೂಣು."

ಪ್ರಾಧ್ಯಾಪಕರ ಕಣ್ಣ ಮುಂದೆ ಓಣಿಯ ಹಿರಿಯರೆಲ್ಲ ಅಂಗೈ ಒಡ್ಡಿ ನಿಂತರು. ತೀರ್ಥ ಮುಗಿದ ಮೇಲೆ ಅವರೆಲ್ಲ ಯಾರ ಯಾರ ಹೆಗಲ ಮೇಲೆ ಮನೆ ಸೇರುವರೋ! ಉಳಿದದ್ದು ಒಂದೇ ದಾರಿ.

"ಬ್ಯಾಡವ್ವ. ಭಾಳ ಹಳೇದದ. ಕೆಟ್ಟದ."

ಅಡುಗೆಮನೆಯ ಬಾಗಿಲಲ್ಲಿ ನಲಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಏನಂದ್ರಿ? ಇನ್ನೊಮ್ಮೆ ಹೇಳ್ರಿ, ಅತ್ತಿಯವರಿಗೆ ಸರಿ ಕೇಳಿಸಲಿಲ್ಲ."

"ಕೆಟ್ಟದ."

ಮುಂದೆ ನಿಂತು ತಾಯಿಯೇ ಸುರಿಸಿದರು. ನಾಲ್ಕೂ ಬಾಟಲಿ ಕರಿಬೇವಿನ ಗಿಡದ ಬುಡ ಸೇರಿದವು. ಗರುಡ ದೇವರ ಮನೆಯ ಗೋಡೆ ಸೇರಿದ.

ಸಂಜೆ ಶ್ರೀವಲ್ಲಭ ಬಂದು, ಬಾಟಲಿಗಳೆಲ್ಲಿ ಎಂದು ಕೇಳಿದ. ನಲಿನಿ ಗೆಳೆಯರಿಬ್ಬರ ಮುಂದೆಯೂ ಒಗ್ಗರಣೆ ಅವಲಕ್ಕಿಯ ತಟ್ಟೆ ಇಟ್ಟಳು.

"ನಾಲ್ಕರ ರುಚಿನೂ ಕಂಡದ್ದು ಹಿತ್ತಲದಾಗಿನ ಕರಿಬೇವೊಂದ. ಅದರ ಎಲಿ ಹಾಕೇನಿ. ತಿಂದು ಹೇಳ್ರಿ, ಜರ್ಮನಿನೋ, ಆಸ್ಟ್ರಿಯಾನೋ?"

ಅಂದು ಜೀವಮಾನದಲ್ಲೇ ಮೊದಲ ಬಾರಿಗೆ ಪಂಢರಿನಾಥರು ಕರಿಬೇವಿನ ಎಲೆಯನ್ನು ತಟ್ಟೆಯಂಚಿಗೆ ಸರಿಸದೆ, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು.